ಊರಿನ ದಾರಿಗೊಂದು ಲ್ಯಾಪ್‌ಟಾಪ್

ಎಪ್ರಿಲ್ ಮುಗಿಯುತ್ತಿದ್ದಂತೆ ನಮ್ಮ ಕಾಂದಿವಲಿಯ ಕನ್ನಡಿಗರ ಮನೆಗಳಲ್ಲಿ ಊರಿಗೆ ಹೊರಡುವ ಮಾತು ಶುರುವಾಗುತ್ತದೆ. ಹಿಂದೆ ಬಸ್ಸು, 1998ರಿಂದ ಕೊಂಕಣ ರೈಲು. ಈಗ ಅನೇಕರು ಸ್ವಂತ ಕಾರಿನಲ್ಲೇ ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಅಂಕೋಲಾ ದಾಟಿ ಉಡುಪಿ ಸೇರುತ್ತಾರೆ. ಸುಮಾರು 900 ಕಿಲೋಮೀಟರ್, ಎರಡು ದಿನದ ದಾರಿ. ಆದರೆ ಮಗನಿಗೋ ಸೊಸೆಗೋ ಸಿಗುವ ರಜೆ ನಾಲ್ಕೈದು ದಿನ. ಹೋಗಿ ಬರುವುದರಲ್ಲೇ ಅದು ಮುಗಿದರೆ ಊರಿನಲ್ಲಿ ದಾರಿ ಕಾಯುತ್ತಿರುವ ಅಜ್ಜಿಯ ಪಾಲಿಗೆ ಉಳಿಯುವುದೇನು? ಹಿಂದಿನ ಸೀಟಿನಲ್ಲಿ ಕೂತು ಆಫೀಸಿನ ಕೆಲಸ ಮಾಡುವಂತಾದರೆ ಆ ರಜೆ ಅಜ್ಜಿಗೆ ಉಳಿಯುತ್ತದೆ.

ಓದುಗ ಬಂಧುಗಳೇ, ಇದೆಲ್ಲ ಗೃಹಿಣಿಯರಿಗೇಕೆ ಎನ್ನಬೇಡಿ. ಮಿಕ್ಸರ್ ಕೊಳ್ಳುವಾಗ ವ್ಯಾಟ್ ನೋಡುವವರು ನಾವೇ ಅಲ್ಲವೇ? ಬಿ.ಎ.ಯಲ್ಲಿ ಷೇಕ್ಸ್‌ಪಿಯರ್ ಓದಿದ ನನಗೆ ಲೆಕ್ಕ ಅಷ್ಟಕ್ಕಷ್ಟೇ. ಆದರೂ ಇದು ಬರೀ ಗುಣಾಕಾರ.

ಕಾರಿನಲ್ಲಿ ಸಿಗರೇಟ್ ಲೈಟರ್ ಎಂದು ಹಳಬರು ಕರೆಯುವ ಸಾಕೆಟ್ಟು 12 ವೋಲ್ಟಿನದು. ಅದರ ಫ್ಯೂಸ್ 10 ಆಂಪಿಯರ್ ಆಗಿದ್ದರೆ 120 ವ್ಯಾಟ್ ಮಿತಿ. (ನಿಮ್ಮ ಕಾರಿನದು ಎಷ್ಟೆಂದು ಕಾರಿನ ಪುಸ್ತಕದಲ್ಲಿ ನೋಡಿಕೊಳ್ಳಿ.) ಇನ್ನು ಲ್ಯಾಪ್‌ಟಾಪಿನ ಚಾರ್ಜರ್ ತಿರುಗಿಸಿ ನೋಡಿ: 20 ವೋಲ್ಟ್, 3.25 ಆಂಪಿಯರ್ ಎಂದಿದ್ದರೆ 65 ವ್ಯಾಟ್. ಧಾರಾಳವಾಗಿ ನಡೆಯುತ್ತದೆ. ಆಟದ ಲ್ಯಾಪ್‌ಟಾಪುಗಳ ಚಾರ್ಜರು 150 ವ್ಯಾಟನ್ನೂ ಮೀರುತ್ತದೆ. ಎಷ್ಟೇ ಅಗ್ಗವಾಗಿ ಸಿಕ್ಕಿದರೂ ದಾರಿಗೆ ಅದು ಬೇಡ.

ಅನೇಕರು ಇನ್ವರ್ಟರ್ ತರುತ್ತಾರೆ. ಅದು 12 ವೋಲ್ಟನ್ನು 230ಕ್ಕೆ ಏರಿಸುತ್ತದೆ, ಚಾರ್ಜರು ಪುನಃ ಅದನ್ನು 20ಕ್ಕೆ ಇಳಿಸುತ್ತದೆ. ಎರಡು ಸಲ ಪಾತ್ರೆ ಬದಲಿಸಿದ ಹಾಲಿನಂತೆ ಒಂದಿಷ್ಟು ಚೆಲ್ಲಿಹೋಗಿ ಶಾಖವಾಗುತ್ತದೆ. ಜೊತೆಗೆ ಫ್ಯಾನಿನ ಗದ್ದಲ. ಅದಕ್ಕಿಂತ ಟೈಪ್-ಸಿ ಬಾಯಿಯಲ್ಲಿ ಚಾರ್ಜ್ ಆಗುವ ಲ್ಯಾಪ್‌ಟಾಪನ್ನೇ ಆರಿಸಿ. ಹೆಬ್ಬೆರಳಿನಷ್ಟು ದೊಡ್ಡ ಕಾರ್ ಚಾರ್ಜರ್ ನೇರವಾಗಿ 20 ವೋಲ್ಟ್ ಕೊಡುತ್ತದೆ. ಅದರ ಮೇಲೆ ‘ಪಿ.ಡಿ.’ ಎಂದೂ, ಒಂದೇ ಬಾಯಿಗೆ 65 ವ್ಯಾಟ್ ಎಂದೂ ಇರಬೇಕು; ಎರಡು ಬಾಯಿಯ ಮೊತ್ತ ಬರೆದು ಮಾರುವವರಿದ್ದಾರೆ, ಜೋಕೆ. ಕೇಬಲ್ 100 ವ್ಯಾಟಿನದಿರಲಿ. ಫೋನಿಗೆಂದು ಇರುವ ಹಳೆಯ ಅಗಲ ಬಾಯಿಯಿಂದ ಈ ಕೆಲಸ ಆಗದು.

ಅಗ್ಗಕ್ಕೆ ಎಲ್ಲಿ ಹೋಗಬೇಕು? ಸ್ಲೋ ಲೋಕಲ್ ಹತ್ತಿ ಗ್ರಾಂಟ್ ರೋಡಿನಲ್ಲಿ ಇಳಿದರೆ ಲ್ಯಾಮಿಂಗ್ಟನ್ ರೋಡ್ ಹತ್ತಿರವೇ. ಡಾ. ದಾದಾಸಾಹೇಬ್ ಭಡ್‌ಕಮ್‌ಕರ್ ಮಾರ್ಗ ಎಂದು ಹೆಸರು ಬದಲಾಗಿ ಎಷ್ಟೋ ಕಾಲವಾದರೂ ಜನರ ಬಾಯಲ್ಲಿ ಹಳೆಯದೇ. ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪನ್ನು ರಿಪೇರಿ ಮಾಡಿ, ಬಿಲ್ಲು, ಗ್ಯಾರಂಟಿ ಕೊಟ್ಟು ಮಾರುವವರಿಂದ ಕೊಳ್ಳಿ. ಇಂಟೆಲ್ ಆದರೆ ಎಂಟನೆಯ ಪೀಳಿಗೆ ಅಥವಾ ಈಚಿನದಿರಲಿ. ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ 11 ಹೊಂದುವುದಿಲ್ಲ, ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. 2018ರ ಥಿಂಕ್‌ಪ್ಯಾಡ್ ಟಿ480 ನನಗೆ ಮೆಚ್ಚುಗೆ: ಟೈಪ್-ಸಿ ಚಾರ್ಜಿಂಗ್ ಇದೆ, ಹಿಂದಿನ ಬ್ಯಾಟರಿ ಕಳಚಿ ಹೊಸದು ಹಾಕಬಹುದು. ಎಸ್‌ಎಸ್‌ಡಿ ಇರಲೇಬೇಕು, ತಿರುಗುವ ಹಾರ್ಡ್‌ಡಿಸ್ಕಿಗೆ ಹೊಂಡದ ರಸ್ತೆ ಆಗಿಬರುವುದಿಲ್ಲ. ಹಳೆಯ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ಅಂಗಡಿಯಲ್ಲೇ ಅರ್ಧ ಗಂಟೆ ನಡೆಸಿ ನೋಡಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಚಾರ್ಜಿಂಗ್ ಎಂಜಿನ್ ಓಡುತ್ತಿರುವಾಗ ಮಾತ್ರ. ಊಟಕ್ಕೆ ನಿಲ್ಲಿಸಿದಾಗ ತಂತಿ ಕಿತ್ತಿಡಿ, ಇಲ್ಲವಾದರೆ ಕಾರಿನ ಬ್ಯಾಟರಿ ಇಳಿದು ತಳ್ಳುವ ಪಾಡು ನಮ್ಮದೇ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಲ್ಯಾಪ್‌ಟಾಪ್ ಬಿಡಬೇಡಿ. ಮುಂದಿನ ಸೀಟಿನಲ್ಲಿ, ಏರ್‌ಬ್ಯಾಗಿನ ಎದುರು, ತೊಡೆಯ ಮೇಲೆ ಇಟ್ಟುಕೊಳ್ಳುವುದಂತೂ ಬೇಡವೇ ಬೇಡ.

ರಾತ್ರಿ ಹುಬ್ಬಳ್ಳಿಯಲ್ಲಿ ತಂಗಿದರೆ ಗೋಡೆಯ ಪ್ಲಗ್ಗಿನಲ್ಲೇ ಪೂರ್ತಿ ತುಂಬಿಸಿಕೊಳ್ಳಿ. ಬೇಕಾದ ಕಡತಗಳನ್ನೂ ಅಲ್ಲೇ ಇಳಿಸಿಕೊಳ್ಳಲಿ, ಕಾಡಿನ ದಾರಿಯಲ್ಲಿ ಸಿಗ್ನಲ್ ನಂಬಿ ಕೂರುವುದು ಬೇಡ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಮಾತ್ರ ಅದನ್ನು ಮುಚ್ಚಿಡಲು ಹೇಳಿ. ಆ ತಿರುವುಗಳಲ್ಲಿ ಪರದೆ ನೋಡುತ್ತ ಕೂತರೆ ವಾಂತಿ ಬರುತ್ತದೆ; ಕೈಚೀಲದಲ್ಲಿ ಒಂದೆರಡು ಲಿಂಬೆಹಣ್ಣು ಇರಲಿ.