ಹಳೆ ಕಾರು: ರಿಪೇರಿಯೋ, ಬದಲಾವಣೆಯೋ?

ಹದಿಮೂರು ಹದಿನಾಲ್ಕು ವರ್ಷ ಓಡಿದ ಕಾರು ಗ್ಯಾರೇಜಿನಲ್ಲಿ ನಿಂತಿದೆ. ಮಿಸ್ತ್ರಿ ನಲವತ್ತು ಸಾವಿರದ ಲೆಕ್ಕ ಹೇಳಿದ್ದಾರೆ. ಮನೆಯಲ್ಲಿ ಒಬ್ಬರು "ಇದಕ್ಕ ರೊಕ್ಕ ಸುರಿಯೋದು ಸಾಕು, ಹೊಸಾದು ತರೋಣ" ಅನ್ನುತ್ತಾರೆ. ಇನ್ನೊಬ್ಬರು "ಇಂಜಿನ್ ಗಟ್ಟಿ ಅದ, ಇನ್ನಾ ಐದು ವರ್ಷ ಓಡ್ತದ" ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಲೆಕ್ಕ ಹಾಕದೆ ಯಾವುದನ್ನೂ ಒಪ್ಪಬೇಡಿ.

ಯಾದಗಿರಿ ಜಿಲ್ಲೆಯ ಕೊಂಕಲ್‌ನಂತಹ ಊರಿನಲ್ಲಿ ಈ ತೀರ್ಮಾನ ಇನ್ನಷ್ಟು ಮುಖ್ಯ. ಇಲ್ಲಿ ಕಾರು ಎಂದರೆ ನಿತ್ಯ ಆಫೀಸಿಗೆ ಹೋಗುವ ವಾಹನವಲ್ಲ. ಬೀಜ, ಗೊಬ್ಬರ ತರಲು ಬೇಕು. ಮೈಲಾಪುರದ ಜಾತ್ರೆಗೆ, ಮದುವೆಗೆ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಬಂದರೆ ಯಾದಗಿರಿಗೋ ಕಲಬುರಗಿಗೋ ಮುಟ್ಟಿಸಲು ಬೇಕು. ಆದ್ದರಿಂದ ಕಡಿಮೆ ಓಡಿದರೂ ಕೈಕೊಡದ ಗಾಡಿ ಬೇಕು.

ಮೊದಲು ಒಂದು ಹೆದರಿಕೆ ಬಿಡಿ. "15 ವರ್ಷ ಆದ ಗಾಡಿ ಗುಜರಿಗೆ ಹಾಕಲೇಬೇಕಂತೆ" ಎಂಬ ಮಾತು ಎಲ್ಲ ಕಡೆ ಓಡಾಡುತ್ತಿದೆ. ನಿಮ್ಮ ಸ್ವಂತ ಕಾರಿಗೆ ಕರ್ನಾಟಕದಲ್ಲಿ ಅಂಥ ನಿಯಮ ಇಲ್ಲ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಎಂಬ ಕಟ್ಟಳೆ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದ್ದು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗುವ ನಿಯಮ ಬಂತು. ಅದು ಸರ್ಕಾರಿ ಇಲಾಖೆಗಳ ಗಾಡಿಗೆ ಮಾತ್ರ. ಈ ಎರಡೂ ಸುದ್ದಿ ಸೇರಿ ಜನರಲ್ಲಿ ಗೊಂದಲ ಹುಟ್ಟಿಸಿವೆ. ಈ ಹೆದರಿಕೆಯಿಂದಲೇ ಒಳ್ಳೆಯ ಗಾಡಿಯನ್ನು ಸಿಕ್ಕ ಬೆಲೆಗೆ ಕೊಟ್ಟುಬಿಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ನಿಮ್ಮ ಕಾರಿಗೆ 15 ವರ್ಷ ತುಂಬಿದಾಗ ಆಗುವುದು ಇಷ್ಟು. ಆರ್‌ಸಿ, ಅಂದರೆ ನೋಂದಣಿ ಪತ್ರದ ಅವಧಿ ಮುಗಿಯುತ್ತದೆ. ಅದನ್ನು ನವೀಕರಿಸಬೇಕು. ಅರ್ಜಿ ಫಾರಂ 25ರಲ್ಲಿ. ಪರಿವಾಹನ್ ಜಾಲತಾಣದಲ್ಲಿ ಅರ್ಜಿ ತುಂಬಿ ಶುಲ್ಕ ಕಟ್ಟಿ, ಗಾಡಿಯನ್ನು ಯಾದಗಿರಿಯ ಆರ್‌ಟಿಒ ಕಚೇರಿಗೆ ಒಯ್ಯಬೇಕು. ಅಲ್ಲಿ ಮೋಟಾರು ವಾಹನ ನಿರೀಕ್ಷಕರು ಬ್ರೇಕ್, ದೀಪ, ಟೈರ್, ಚಾಸಿ ನಂಬರ್ ಎಲ್ಲ ನೋಡುತ್ತಾರೆ. ಸರಿ ಇದ್ದರೆ ಐದು ವರ್ಷಕ್ಕೆ ನವೀಕರಣ ಸಿಗುತ್ತದೆ. 2022ರ ಏಪ್ರಿಲ್‌ನಿಂದ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ. ಗಾಡಿಗೆ 20 ವರ್ಷ ದಾಟಿದ್ದರೆ 10,000 ರೂಪಾಯಿ, ಇದು 2025ರ ಆಗಸ್ಟ್‌ನ ಅಧಿಸೂಚನೆ. ಇದರ ಜೊತೆಗೆ ಹಸಿರು ತೆರಿಗೆ ಇದೆ. ತಡ ಮಾಡಿದರೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ಅವಧಿ ಮುಗಿಯುವ ಮುಂಚಿನ 60 ದಿನಗಳಲ್ಲೇ ಅರ್ಜಿ ಹಾಕಬಹುದು. ಹಾಗಾಗಿ ಆರ್‌ಸಿ ತೆಗೆದು ಅದರ ಮೇಲಿನ ಕೊನೆಯ ದಿನಾಂಕ ಇವತ್ತೇ ನೋಡಿಕೊಳ್ಳಿ.

ಇನ್ನು ಲೆಕ್ಕಕ್ಕೆ ಬರೋಣ. ಬಹಳ ಜನ ರಿಪೇರಿ ಬಿಲ್ಲನ್ನು ಗಾಡಿಯ ಈಗಿನ ಬೆಲೆಯ ಜೊತೆ ತೂಗುತ್ತಾರೆ. "ಲಕ್ಷ ರೂಪಾಯಿ ಬಾಳದ ಗಾಡಿಗೆ ನಲವತ್ತು ಸಾವಿರ ಹಾಕೋದಾ?" ಎಂದು ಕೇಳುತ್ತಾರೆ. ನನ್ನ ಪ್ರಕಾರ ಈ ತೂಕವೇ ತಪ್ಪು. ನೀವು ಗಾಡಿ ಮಾರಲು ರಿಪೇರಿ ಮಾಡಿಸುತ್ತಿಲ್ಲ, ಓಡಿಸಲು ಮಾಡಿಸುತ್ತಿದ್ದೀರಿ. ಆದ್ದರಿಂದ ರಿಪೇರಿ ಮಾಡಿಸಿದ ಗಾಡಿಯ ಒಂದು ವರ್ಷದ ಖರ್ಚು ಎಷ್ಟು, ಅದರ ಬದಲಿಗೆ ತರುವ ಗಾಡಿಯ ಒಂದು ವರ್ಷದ ಖರ್ಚು ಎಷ್ಟು, ಇವೆರಡನ್ನು ತೂಗಬೇಕು.

ಒಂದು ಉದಾಹರಣೆ ಹಿಡಿಯೋಣ. ನಿಮ್ಮದು ಸಣ್ಣ ಪೆಟ್ರೋಲ್ ಕಾರು. ವರ್ಷಕ್ಕೆ 8,000 ಕಿಲೋಮೀಟರ್ ಓಡುತ್ತದೆ. ಕ್ಲಚ್, ರೇಡಿಯೇಟರ್, ಮುಂದಿನ ಸಸ್ಪೆನ್ಷನ್ ಸೇರಿ 42,000 ಆಗುತ್ತದೆ ಎಂದಿದ್ದಾರೆ. ಈ ಕೆಲಸ ಆದಮೇಲೆ ಗಾಡಿ ಎರಡು ವರ್ಷ ಓಡುತ್ತದೆ ಎಂದು ಕಡಿಮೆಯೇ ಅಂದುಕೊಳ್ಳಿ. ವರ್ಷಕ್ಕೆ 21,000 ಬಿತ್ತು. ಆಯಿಲ್, ಸಣ್ಣಪುಟ್ಟ ಕೆಲಸಕ್ಕೆ ಇನ್ನೊಂದು 15,000 ಸೇರಿಸಿ. ಒಟ್ಟು 36,000.

ಈಗ ಹೊಸ ಗಾಡಿ. ಆನ್ ರೋಡ್, ಅಂದರೆ ತೆರಿಗೆ, ವಿಮೆ ಎಲ್ಲ ಸೇರಿ 6 ಲಕ್ಷ ಎಂದಿರಲಿ. ಹಳೆಯದನ್ನು ಮಾರಿ 1 ಲಕ್ಷ ಕಟ್ಟಿದಿರಿ. ಉಳಿದ 5 ಲಕ್ಷಕ್ಕೆ ಸಾಲ. ಬಡ್ಡಿ ಶೇಕಡ 9.5, ಅವಧಿ ಐದು ವರ್ಷ ಆದರೆ ತಿಂಗಳ ಕಂತು ಸುಮಾರು 10,500. ವರ್ಷಕ್ಕೆ 1,26,000. ಐದು ವರ್ಷದಲ್ಲಿ ಬಡ್ಡಿಯೇ 1,30,000 ಆಗುತ್ತದೆ. ಕೊನೆಗೆ ಗಾಡಿ 3 ಲಕ್ಷಕ್ಕೆ ಮಾರಾಟವಾಯಿತು ಎನ್ನಿ. ಬೆಲೆಯಲ್ಲಿ ಕಳೆದುಕೊಂಡ 3 ಲಕ್ಷ, ಬಡ್ಡಿಯ 1,30,000 ಸೇರಿಸಿ ಐದರಿಂದ ಭಾಗಿಸಿದರೆ ವರ್ಷಕ್ಕೆ 86,000. ಸರ್ವಿಸಿಂಗ್, ಮುಂದಿನ ವರ್ಷಗಳ ವಿಮೆ ಬೇರೆ. ಅಂದರೆ ನಲವತ್ತೆರಡು ಸಾವಿರದ ಆ ಬಿಲ್ಲು ನಾಲ್ಕು ತಿಂಗಳ ಕಂತಿಗೆ ಸಮ.

"ಆದರೆ ಹೊಸ ಗಾಡಿ ಮೈಲೇಜ್ ಜಾಸ್ತಿ ಕೊಡುತ್ತಲ್ಲ?" ಎಂದು ಕೇಳುತ್ತೀರಿ. ಅದನ್ನೂ ಲೆಕ್ಕ ಹಾಕಿ. ಹಳೆಯದು ಲೀಟರಿಗೆ 15, ಹೊಸದು 20 ಕಿಲೋಮೀಟರ್ ಕೊಟ್ಟರೆ, 8,000 ಕಿಲೋಮೀಟರಿಗೆ ಉಳಿಯುವುದು ಸುಮಾರು 133 ಲೀಟರ್. ಪೆಟ್ರೋಲ್ 103 ರೂಪಾಯಿ ಎಂದರೆ ವರ್ಷಕ್ಕೆ 13,700. ಅಷ್ಟರಿಂದ ಕಂತು ತೀರುವುದಿಲ್ಲ. ಆದರೆ ನೀವು ಬಾಡಿಗೆಗೋ ವ್ಯಾಪಾರಕ್ಕೋ ವರ್ಷಕ್ಕೆ 25,000 ಕಿಲೋಮೀಟರ್ ಓಡಿಸುವವರಾದರೆ ಉಳಿತಾಯ 43,000ದ ಹತ್ತಿರ ಬರುತ್ತದೆ. ಅಂಥವರಿಗೆ ಬದಲಿಸುವುದೇ ಲಾಭ ಆಗಬಹುದು. ಹಾಗಾಗಿ ಎಲ್ಲರಿಗೂ ಒಂದೇ ಉತ್ತರ ಹೇಳಲು ಬರುವುದಿಲ್ಲ. ನಿಮ್ಮ ಮೀಟರ್ ನೋಡಿ.

ಆದರೆ ಈ ಲೆಕ್ಕ ನಿಲ್ಲುವುದು ಗಾಡಿಯ ಮೈ ಗಟ್ಟಿ ಇದ್ದರೆ ಮಾತ್ರ. ಆದ್ದರಿಂದ ದುಡ್ಡು ಕೊಡುವ ಮುಂಚೆ ಗಾಡಿಯನ್ನು ಎತ್ತರಕ್ಕೆ ಏರಿಸಿ ಕೆಳಗಿನಿಂದ ತೋರಿಸಲು ಹೇಳಿ. ಬಾಗಿಲಿನ ಕೆಳಗಿನ ಪಟ್ಟಿ, ಶಾಕ್ ಅಬ್ಸಾರ್ಬರ್ ಕೂರುವ ಜಾಗ, ಚಾಸಿ, ಇಲ್ಲಿ ತುಕ್ಕು ಹಿಡಿದು ತೂತು ಬಿದ್ದಿದ್ದರೆ ಇಂಜಿನ್ ಎಷ್ಟೇ ಚೆನ್ನಾಗಿದ್ದರೂ ಆ ಗಾಡಿಗೆ ದೊಡ್ಡ ಮೊತ್ತ ಹಾಕಬೇಡಿ. ಪೇಂಟ್ ಕೆಳಗೆ ತುಕ್ಕು ಮುಚ್ಚಿಡಬಹುದು, ಅಪಘಾತದಲ್ಲಿ ಅದು ಮುಚ್ಚಿರುವುದಿಲ್ಲ. ಮೇಲಿನ ಬಣ್ಣ ಮಾಸಿದ್ದು, ಸೀಟ್ ಹರಿದದ್ದು ಮಾತ್ರ ಚಿಂತೆಯ ವಿಷಯವಲ್ಲ.

ಇಂಜಿನ್ನಿನ ಆರೋಗ್ಯ ಹೊಗೆಯಲ್ಲಿ ತಿಳಿಯುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬೆಳಗಿನ ಚಳಿ ಹೋದಮೇಲೂ ಬಿಳಿ ಹೊಗೆ ದಟ್ಟವಾಗಿ ಬರುತ್ತಿದ್ದು, ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ತಲೆಭಾಗದ ನಡುವಿನ ಸೀಲು ಹೋಗಿರಬಹುದು. ಕಪ್ಪು ಹೊಗೆ ಎಂದರೆ ಇಂಧನ ಹೆಚ್ಚು ಸುಡುತ್ತಿದೆ. ಇದು ಹಲವು ಸಲ ಫಿಲ್ಟರ್, ಇಂಜೆಕ್ಟರ್ ಕೆಲಸದಲ್ಲೇ ಸರಿಹೋಗುತ್ತದೆ. ಅನುಮಾನ ಇದ್ದರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಎಂದು ಅಳೆಯುವ ಪರೀಕ್ಷೆ ಇದು. ಎಲ್ಲ ಸಿಲಿಂಡರ್‌ಗಳು ಹೆಚ್ಚುಕಮ್ಮಿ ಒಂದೇ ಒತ್ತಡ ತೋರಿಸಿದರೆ ಇಂಜಿನ್ ಇನ್ನೂ ಗಟ್ಟಿಯಾಗಿದೆ. ಇಂಜಿನ್, ಗೇರ್‌ಬಾಕ್ಸ್ ಎರಡೂ ಒಟ್ಟಿಗೆ ಬಿಚ್ಚಬೇಕು ಎಂದಾಗ ಮಾತ್ರ ನಾನು ಕೈಬಿಡಲು ಹೇಳುತ್ತೇನೆ.

ನಮ್ಮ ಭಾಗದಲ್ಲಿ ಗಾಡಿ ಹಾಳಾಗಲು ಕೆಲವು ಕಾರಣ ಇಲ್ಲಿಯವೇ. ಬೋರ್‌ವೆಲ್ಲಿನ ಗಡಸು ನೀರನ್ನು ರೇಡಿಯೇಟರಿಗೆ ಹಾಕುವುದು ಅದರಲ್ಲಿ ಮೊದಲನೆಯದು. ಆ ನೀರಿನ ಸುಣ್ಣ ಒಳಗಿನ ಸಣ್ಣ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಎಸಿ ಹಾಕಿ ಹೊರಟಾಗ ಇಂಜಿನ್ ಕಾಯ್ದು ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಕೂಲೆಂಟ್, ಅಂದರೆ ತುಕ್ಕು ಹಿಡಿಸದ, ಕುದಿತ ತಡೆಯುವ ದ್ರವವನ್ನೇ ಹಾಕಿ. ಕಪ್ಪು ಮಣ್ಣಿನ ಧೂಳು ಏರ್ ಫಿಲ್ಟರನ್ನು ಬೇಗ ಮುಚ್ಚುತ್ತದೆ, ಪುಸ್ತಕದಲ್ಲಿ ಬರೆದದ್ದಕ್ಕಿಂತ ಮುಂಚೆಯೇ ಬದಲಿಸಿ. ತೊಗರಿ, ಭತ್ತದ ಚೀಲ ಇಟ್ಟ ಮನೆಯ ಪಕ್ಕ ನಿಲ್ಲಿಸಿದ ಗಾಡಿಯ ವೈರ್‌ಗಳನ್ನು ಇಲಿ ಕಡಿಯುತ್ತದೆ. ಇಂಥ ಕಾರಣದಿಂದ ನಿಂತ ಗಾಡಿಯನ್ನು "ಮುದಿಯಾಯಿತು" ಎಂದು ಮಾರಬೇಡಿ. ಹೊಸ ಗಾಡಿ ತಂದರೂ ಇಲ್ಲಿನ ನೀರು, ಧೂಳು, ಇಲಿ ಇದ್ದೇ ಇರುತ್ತವೆ.

ಹಳೆ ಪೆಟ್ರೋಲ್ ಕಾರಿನವರು ಇನ್ನೊಂದು ಗಮನಿಸಿ. ಈಗ ಬಂಕುಗಳಲ್ಲಿ ಸಿಗುವುದು ಇ20, ಅಂದರೆ ಶೇಕಡ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. 2023ಕ್ಕಿಂತ ಹಿಂದಿನ ಅನೇಕ ಕಾರುಗಳ ರಬ್ಬರ್ ಪೈಪು, ಸೀಲುಗಳು ಇದಕ್ಕೆಂದು ಮಾಡಿದವಲ್ಲ. ಗಾಡಿ ಗ್ಯಾರೇಜಿಗೆ ಹೋದಾಗ ಅವನ್ನು ನೋಡಿಸಿ, ಪೆಡಸಾಗಿದ್ದರೆ ಬದಲಿಸಿ. ಇದು ದೊಡ್ಡ ಖರ್ಚಿನ ಕೆಲಸವಲ್ಲ. ಪೆಟ್ರೋಲ್ ವಾಸನೆ ಬಂದರೆ ಮಾತ್ರ ಒಂದು ದಿನವೂ ತಡೆಯಬೇಡಿ.

ಮಿಸ್ತ್ರಿಯವರಿಂದ ಎಸ್ಟಿಮೇಟ್ ಬರೆಯಿಸಿಕೊಳ್ಳಿ. ಈಗಲೇ ಆಗಬೇಕಾದದ್ದು ಯಾವುದು, ಮುಂದೂಡಬಹುದಾದದ್ದು ಯಾವುದು ಎಂದು ಬೇರೆ ಮಾಡಿ ಕೇಳಿ. ಬ್ರೇಕ್, ಸ್ಟಿಯರಿಂಗ್, ಟೈರ್ ಮುಂದೂಡುವ ಮಾತೇ ಇಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೀರು ಉಳಿದಿದ್ದರೂ ಹಳೆಯ ಟೈರ್ ಬಿಸಿಲಿಗೆ ಬಿರುಕು ಬಿಟ್ಟಿರುತ್ತದೆ. ಬದಲಿಸಿದ ಹಳೆಯ ಸಾಮಾನು ವಾಪಸ್ ಕೇಳಿ. ದೊಡ್ಡ ಮೊತ್ತ ಹೇಳಿದರೆ ಶಹಾಪುರದಲ್ಲೋ ಸುರಪುರದಲ್ಲೋ ಮತ್ತೊಬ್ಬರಿಗೆ ತೋರಿಸಿ. ಒಳ್ಳೆಯ ಮಿಸ್ತ್ರಿ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಬಿಡಿಭಾಗ ಸಿಗುತ್ತದೆಯೇ ಎಂಬುದೂ ತೀರ್ಮಾನದ ಭಾಗ. ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತರೂ ಅದರ ಸಾಮಾನು ಸಣ್ಣ ಊರಿನಲ್ಲೂ ಸಿಗುತ್ತದೆ. ಷೆವರ್ಲೆ 2017ರಲ್ಲಿ ಭಾರತದಲ್ಲಿ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಇಂಥ ಗಾಡಿಗೆ ಬೇಕಾದ ಭಾಗ ಎಷ್ಟು ದಿನದಲ್ಲಿ ಬರುತ್ತದೆ ಎಂದು ಮೊದಲೇ ಕೇಳಿ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ದುಡ್ಡಿನ ಲೆಕ್ಕ ಸೋಲುತ್ತದೆ. ಜಾರುವ ರಸ್ತೆಯಲ್ಲಿ ಗಾಲಿ ಕಚ್ಚದಂತೆ ತಡೆಯುವ ಎಬಿಎಸ್ ಬ್ರೇಕ್ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರಲ್ಲಿ. ಚಾಲಕನ ಏರ್‌ಬ್ಯಾಗ್ ಕಡ್ಡಾಯವಾದದ್ದೂ ಅದೇ ವರ್ಷ. ಅದಕ್ಕೂ ಹಿಂದಿನ ಕಡಿಮೆ ಬೆಲೆಯ ಅನೇಕ ಮಾದರಿಗಳಲ್ಲಿ ಇವೆರಡೂ ಇಲ್ಲ. ಹೆದ್ದಾರಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಆಗಾಗ ಹೈದರಾಬಾದಿಗೋ ಬೆಂಗಳೂರಿಗೋ ಹೋಗುವವರಾದರೆ, ಕಂತು ಭಾರವಾದರೂ ಬದಲಿಸಿ ಎಂದೇ ಹೇಳುತ್ತೇನೆ. ಊರ ಸುತ್ತ ಓಡಾಟಕ್ಕೆ ಹಳೆಯದೇ ಸಾಕು.

ಹೊಸದೂ ಅಲ್ಲ, ಈಗಿನದೂ ಬೇಡ ಎನ್ನುವವರಿಗೆ ನಾಲ್ಕೈದು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಗಾಡಿ ಇದೆ. ಬೆಲೆ ಇಳಿತದ ದೊಡ್ಡ ಪೆಟ್ಟು ಮೊದಲ ಮಾಲೀಕನಿಗೇ ಬಿದ್ದಿರುತ್ತದೆ, ಏರ್‌ಬ್ಯಾಗ್, ಎಬಿಎಸ್ ನಿಮಗೆ ಸಿಗುತ್ತವೆ. ನಮ್ಮ ಕಡೆ ಹೈದರಾಬಾದಿನಿಂದ ಗಾಡಿ ತರುವುದು ರೂಢಿ. ತೆಲಂಗಾಣದ ಗಾಡಿಯಾದರೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ಬೇಕು. ಇಲ್ಲಿ ಹೊಸ ನಂಬರ್ ಪಡೆಯಬೇಕು, ಗಾಡಿಯ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆ ಕಟ್ಟಬೇಕು. ಈ ತೆರಿಗೆ ಸೇರಿಸಿ ಬೆಲೆ ಹೋಲಿಸಿ, ಆಗ "ಅಗ್ಗ" ಎಂದದ್ದು ಎಷ್ಟೋ ಸಲ ಅಗ್ಗವಾಗಿ ಉಳಿಯುವುದಿಲ್ಲ. ಗಾಡಿಯ ಮೇಲೆ ಬ್ಯಾಂಕ್ ಸಾಲ ಇದೆಯೇ, ವಿಮೆ ಇದೆಯೇ ಎಂಬುದನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಬಹುದು.

ಹೊಸದನ್ನೇ ಕೊಳ್ಳುವವರಿಗೆ ಒಂದು ಅನುಕೂಲ ಆಗಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದಿದೆ. ಹಳೆಯ ಗಾಡಿಯ ವಿಮೆಯಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದೆ ಇದ್ದುದಕ್ಕೆ ಸಿಗುವ ರಿಯಾಯಿತಿ ಇದ್ದರೆ ಅದು ನಿಮ್ಮದು, ಗಾಡಿಯದಲ್ಲ. ವಿಮಾ ಕಂಪನಿಯಿಂದ ಪತ್ರ ಪಡೆದು ಹೊಸ ಗಾಡಿಗೆ ಹಾಕಿಸಿಕೊಳ್ಳಿ.

ಹಳೆಯದನ್ನು ಮಾರುವಾಗ ಫಾರಂ 29, 30ಕ್ಕೆ ಸಹಿ ಹಾಕಿ ದುಡ್ಡು ಎಣಿಸಿಕೊಂಡು ಬಂದರೆ ಮುಗಿಯಲಿಲ್ಲ. ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಕಾನೂನಿನ ಕಣ್ಣಿನಲ್ಲಿ ನೀವೇ ಮಾಲೀಕರು. ಅಪಘಾತವಾದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಪರಿಚಯದವರಿಗೆ ಕೊಟ್ಟರೂ ಜೊತೆಗೇ ಆರ್‌ಟಿಒಗೆ ಹೋಗಿ ವರ್ಗಾವಣೆ ಮುಗಿಸಿ.

ಯಾರೂ ಕೊಳ್ಳದ ಸ್ಥಿತಿಯಲ್ಲಿದ್ದರೆ ಬೀದಿ ಗುಜರಿಗೆ ಕೊಡಬೇಡಿ. ಆರ್‌ವಿಎಸ್‌ಎಫ್, ಅಂದರೆ ಸರ್ಕಾರದಲ್ಲಿ ನೋಂದಾಯಿತ ವಾಹನ ಗುಜರಿ ಕೇಂದ್ರಕ್ಕೆ ಕೊಡಿ. ಅಲ್ಲಿ ಗುಜರಿ ಬೆಲೆಯ ಜೊತೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಅದನ್ನು ತೋರಿಸಿದರೆ ಹೊಸ ಕಾರಿನ ನೋಂದಣಿ ಶುಲ್ಕ ಇಲ್ಲ. ವಾಹನ ತೆರಿಗೆಯಲ್ಲಿ ಶೇಕಡ 25ರವರೆಗೆ ರಿಯಾಯಿತಿಗೆ ಕೇಂದ್ರದ ನಿಯಮ ಅವಕಾಶ ಕೊಟ್ಟಿದೆ, ನಿಮ್ಮ ಗಾಡಿಗೆ ಎಷ್ಟು ಎಂಬುದನ್ನು ಆರ್‌ಟಿಒದಲ್ಲಿ ಕೇಳಿ. ಗಾಡಿ ಕೊಟ್ಟಮೇಲೆ ಆರ್‌ಸಿ ರದ್ದಾದ ದಾಖಲೆಯನ್ನು ಕೇಳಿ ಪಡೆದು, ಮನೆಯ ಇತರ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಿ.