ಹಳೆಯ ಯಂತ್ರ ಕೊಳ್ಳುವ ಮುನ್ನ

ತೋಟದ ವರ್ಕ್‌ಷಾಪಿಗೆಂದು ನಾವು ಬೆಂಗಳೂರಿನ ರಾಜಾಜಿನಗರದ ಕಡೆಯಿಂದ ಹಳೆಯ ಲೇತು, ಡ್ರಿಲ್ಲಿಂಗ್ ಯಂತ್ರಗಳನ್ನು ತರುವುದುಂಟು. ಬೆಲೆ ಅಗ್ಗ, ಯಂತ್ರವೂ ಗಟ್ಟಿ. ಆದರೆ ಒಂದು ನಟ್ಟು ಕಳೆದರೆ ಸರಿಜೋಡಿ ಸಿಕ್ಕುವುದಿಲ್ಲ.

ಇದಕ್ಕೆ ಕಾರಣ ಅಳತೆಯ ಭೇದ. 1841ರಲ್ಲಿ ಇಂಗ್ಲೆಂಡಿನ ವಿಟ್‌ವರ್ತ್ ಸೂಚಿಸಿದ ಥ್ರೆಡ್ಡಿನ ಕೋನ 55 ಡಿಗ್ರಿ. ಅಮೆರಿಕದ್ದೂ ಮೆಟ್ರಿಕ್ಕಿನದೂ 60. ಅರ್ಧ ಇಂಚಿನ ವಿಟ್‌ವರ್ತ್ ಬೋಲ್ಟಿಗೆ ಇಂಚಿಗೆ 12 ಸುತ್ತು, ಅದೇ ಗಾತ್ರದ ಅಮೆರಿಕದ ದಪ್ಪ ಥ್ರೆಡ್ಡಿನ ಬೋಲ್ಟಿಗೆ 13. ನಟ್ಟು ಮೊದಲು ಕೂತಂತೆ ಕಂಡು ಆಮೇಲೆ ಬಿಗಿಯುತ್ತದೆ. ಒತ್ತಾಯಿಸಿ ತಿರುಗಿಸಿದರೆ ಎರಡೂ ಕೆಡುತ್ತವೆ. ನಮ್ಮ ದೇಶ 1958ರಿಂದ ಹಂತಹಂತವಾಗಿ ಮೆಟ್ರಿಕ್ ಅಳತೆಗೆ ಬಂದರೂ ಹಳೆಯ ಯಂತ್ರಗಳು ಇಂಚಿನಲ್ಲೇ ಉಳಿದಿವೆ.

ಕೊಯ್ಲಿನ ನಡುವೆ ಪಲ್ಪರು ಕೆಟ್ಟು, ಅದರ ಶಾಫ್ಟು ಕಡೆಯಲು ಲೇತಿಗೆ ಚಕ್ಕು ಕೂರದಿದ್ದರೆ ಕೊಯ್ದ ಕಾಫಿ ಹಣ್ಣು ಕಾಯುವುದಿಲ್ಲ, ರಾಶಿಯಲ್ಲೇ ಹುಳಿಯುತ್ತದೆ.

ಆದ್ದರಿಂದ ಹಣ ಕೊಡುವ ಮೊದಲೇ ಥ್ರೆಡ್ ಗೇಜು ಹಿಡಿದು ನೋಡಬೇಕು. ಚಕ್ಕು, ಅದರ ಕೀಲಿ, ಬದಲಿ ಗೇರುಗಳನ್ನು ಎಣಿಸಿ ಪಡೆಯಬೇಕು. ಒಂದು ಗೇರನ್ನು ಹೊಸದಾಗಿ ಮಾಡಿಸಹೊರಟರೆ ಚೌಕಾಸಿಯಲ್ಲಿ ಉಳಿಸಿದ ಹಣ ಅಲ್ಲೇ ಕರಗೀತು.

ಸದಸ್ಯ ಬಾಂಧವರು ತಮ್ಮ ಯಂತ್ರದ ಹೆಸರು, ಥ್ರೆಡ್ಡಿನ ಅಳತೆ, ಹೆಚ್ಚಿಗೆ ಬಿದ್ದಿರುವ ಭಾಗಗಳ ವಿವರವನ್ನು ಸಂಘದ ಕಚೇರಿಗೆ ಬರೆದು ಕಳಿಸಿದರೆ ಪಟ್ಟಿ ಮಾಡಿಡುತ್ತೇವೆ. ಒಬ್ಬರ ಮೂಲೆಯಲ್ಲಿ ತುಕ್ಕು ಹಿಡಿಯುವುದು ಇನ್ನೊಬ್ಬರ ಕೊಯ್ಲನ್ನು ಉಳಿಸೀತು.