ವೈರಸ್ಸಿನ ಹೊಟ್ಟೆಯೊಳಗೇ ಕೂತ ಕಾವಲುಗಾರ

ಕೇವಲ ಒಂಬತ್ತು ವಂಶವಾಹಿ! ಎಚ್‌ಐವಿಯ ಇಡೀ ಬಂಡವಾಳ ಅಷ್ಟೇ. ಅಂಥ ಬಡ ವೈರಸ್ಸು ಆ ಒಂಬತ್ತರಲ್ಲಿ ಒಂದನ್ನು ‘ವಿಫ್’ ಎಂಬ ಪುಟ್ಟ ಪ್ರೋಟೀನಿಗೆ ಮೀಸಲಿಟ್ಟಿದೆ. ಯಾಕೆ? ವಿಫ್ ಕಿತ್ತುಹಾಕಿದರೂ ಪ್ರಯೋಗಾಲಯದ ಕೆಲವು ಜೀವಕೋಶಗಳಲ್ಲಿ ವೈರಸ್ ಹಾಯಾಗಿ ಹರಡುತ್ತಿತ್ತು. ನಮ್ಮ ರಕ್ತದ ಟಿ ಕೋಶಗಳಲ್ಲಿ ಮಾತ್ರ ಸೋಂಕು ಅಲ್ಲಲ್ಲೇ ಕಮರಿಹೋಗುತ್ತಿತ್ತು.

1998ರಲ್ಲಿ ಇದಕ್ಕೊಂದು ಎಷ್ಟು ಚಂದದ ಪ್ರಯೋಗ ನಡೆಯಿತು! ವಿಫ್ ಇಲ್ಲದ ವೈರಸ್ಸಿಗೆ ಮಣಿಯುವ ಕೋಶವನ್ನೂ ಮಣಿಯದ ಕೋಶವನ್ನೂ ಬೆಸೆದು ಒಂದು ಮಾಡಿದರು. ಬೆಸೆದ ಕೋಶ ಮಣಿಯಲಿಲ್ಲ. ಅಂದರೆ ಮಣಿಯದ ಕೋಶದೊಳಗೆ ವೈರಸ್ಸನ್ನು ಹೊಡೆಯುವ ಏನೋ ಒಂದು ಇದ್ದೇ ಇದೆ! 2002ರಲ್ಲಿ ಆನ್ ಶೀಹಿ, ಮೈಕೆಲ್ ಮಲಿಮ್ ಮತ್ತು ಸಂಗಡಿಗರು ಒಂದೇ ಮೂಲದ ಎರಡು ಬಗೆಯ ಕೋಶಗಳನ್ನು ಎದುರುಬದುರು ಇಟ್ಟು, ಎರಡರಲ್ಲೂ ಇರುವುದನ್ನೆಲ್ಲ ಕಳೆಯುತ್ತ ಹೋಗಿ, ಕೊನೆಗೆ ಅದನ್ನು ಹಿಡಿದೇಬಿಟ್ಟರು. ಇಂದು ಆ ಪ್ರೋಟೀನಿನ ಹೆಸರು ಅಪೋಬೆಕ್3ಜಿ.

ಪ್ರತಿಕಾಯಗಳು ತಯಾರಾಗುವುದಕ್ಕೆ ವಾರಗಳೇ ಬೇಕು. ಇದಾದರೋ ಹುಟ್ಟಿನಿಂದಲೇ ಬಂದದ್ದು. ಜನ್ಮಜಾತ ರೋಗನಿರೋಧಕ ಶಕ್ತಿಯ ಭಾಗ. ಇದು ಹೊಡೆಯುವ ಬಗೆಯನ್ನು ನೋಡಿ: ಸೋಂಕು ತಗುಲಿದ ಕೋಶದಿಂದ ಹೊಸ ವೈರಸ್ ಹೊರಬೀಳುವಾಗ, ಕಳ್ಳನ ಮೂಟೆಯೊಳಗೇ ಅವಿತು ಹೊರಟ ಕಾವಲುಗಾರನಂತೆ ಅದರೊಳಗೆ ಸೇರಿಕೊಳ್ಳುತ್ತದೆ. ಆಗ ಏನೂ ಮಾಡುವುದಿಲ್ಲ. ವೈರಸ್ ಮುಂದಿನ ಕೋಶಕ್ಕೆ ನುಗ್ಗಿ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಗೆ ನಕಲು ಮಾಡತೊಡಗಿದ ಗಳಿಗೆಯಲ್ಲಿ ಏಳುತ್ತದೆ! ಹೊಸ ಎಳೆಯ ‘ಸಿ’ ಅಕ್ಷರಗಳನ್ನು ಡಿಎನ್‌ಎಯಲ್ಲಿ ಇರಲೇಬಾರದ ‘ಯು’ ಆಗಿ ತಿದ್ದುತ್ತದೆ. ಎದುರೆಳೆ ಮೂಡುವಾಗ ‘ಜಿ’ ಇರಬೇಕಾದ ಜಾಗಗಳಲ್ಲಿ ‘ಎ’ ಕೂರುತ್ತದೆ. ಟಿಜಿಜಿ ಎಂಬ ಮೂರಕ್ಷರ ಪ್ರೋಟೀನಿಗೆ ಒಂದು ಅಮೈನೋ ಆಮ್ಲ ಸೇರಿಸು ಎನ್ನುತ್ತದೆ. ಅದೇ ಟಿಎಜಿ ಆದರೆ ‘ಇಲ್ಲಿಗೆ ನಿಲ್ಲಿಸು’ ಎಂಬ ಆಜ್ಞೆ! ಇಂಥ ಆಜ್ಞೆಗಳು ಅಲ್ಲಲ್ಲಿ ಎದ್ದರೆ ವೈರಸ್ಸಿನ ಗ್ರಂಥ ಓದಲು ಬಾರದಂತಾಗುತ್ತದೆ.

ಈಗ ವಿಫ್ ಯಾಕಿದೆ ಎಂದು ಹೊಳೆಯುತ್ತದೆ. ಅದು ಅಪೋಬೆಕ್3ಜಿಯನ್ನು ಹಿಡಿದು, ಹಳೆಯ ಪ್ರೋಟೀನುಗಳನ್ನು ಚೂರುಮಾಡಲು ನಮ್ಮ ಕೋಶವೇ ಇಟ್ಟುಕೊಂಡಿರುವ ಯಂತ್ರಕ್ಕೆ ಒಪ್ಪಿಸುತ್ತದೆ. ಹಾಗಿದ್ದೂ ಅದರ ಗೆಲುವು ಪೂರ್ತಿಯಲ್ಲ! ಸೋಂಕಿತರ ಕೋಶಗಳಲ್ಲಿ ‘ಎ’ಗಳಿಂದ ತುಂಬಿ ಕೆಟ್ಟು ನಿಂತ ಎಚ್‌ಐವಿ ಡಿಎನ್‌ಎ ಸಿಗುತ್ತಲೇ ಇರುತ್ತದೆ.

ನನ್ನನ್ನು ಎಲ್ಲಕ್ಕಿಂತ ಬೆರಗಾಗಿಸಿದ್ದು ಆಫ್ರಿಕಾದ ಹಸಿರು ಮಂಗ. ಅದರ ಅಪೋಬೆಕ್3ಜಿಯನ್ನು ಎಚ್‌ಐವಿಯ ವಿಫ್ ಏನೂ ಮಾಡಲಾರದು. ನಮ್ಮ ಪ್ರೋಟೀನಿನಲ್ಲಿ 384 ಅಮೈನೋ ಆಮ್ಲಗಳಿವೆ. ಅದರಲ್ಲಿ 128ನೆಯದೊಂದನ್ನು ಮಾತ್ರ ಮಂಗನಲ್ಲಿರುವಂತೆ ಬದಲಿಸಿದರೆ, ವಿಫ್‌ನ ಹಿಡಿತಕ್ಕೆ ಅದು ಸಿಗುವುದೇ ಇಲ್ಲ. ಒಂದೇ ಒಂದು! ಆ ಹಿಡಿತವನ್ನು ಔಷಧದಿಂದ ಬಿಡಿಸಬಹುದೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ.